ಈ ಮೆಟ್ಟಿಲು ನಂದು

"ಕಾಲು ಸ್ವಲ್ಪ ಆ ಕಡೆ ಇಡು. ಅದು ನನ್ನ ಮೆಟ್ಟಿಲು."

ಪಕ್ಕದಲ್ಲಿ ನಿಂತಿದ್ದ ಅಜ್ಜ ಹೀಗೆ ಹೇಳಿದಾಗ ನನಗೆ ಮುಜುಗರವಾಯಿತು. ಜಾಗದ ಜಗಳ ಅಂದುಕೊಂಡೆ. ಆದರೆ ಅಲ್ಲಿ ಯಾರಿಗೂ ಸೀಟ್ ನಂಬರ್ ಇರಲಿಲ್ಲ. ಎಲ್ಲರೂ ನಿಂತೇ ಆಟ ನೋಡುವ ಜಾಗ. ಮೊದಲು ಬಂದವರು ಒಳ್ಳೆಯ ಕಡೆ ನಿಲ್ಲುತ್ತಾರೆ, ಅಷ್ಟೇ ಲೆಕ್ಕ. ಸುಮ್ನೆ ಒಂದು ಹೆಜ್ಜೆ ಸರಿದೆ. ಅಜ್ಜ ನಕ್ಕ. ಬೂಟಿನ ತುದಿಯಿಂದ ಕಾಂಕ್ರೀಟಿನ ಅಂಚನ್ನು ಎರಡು ಸಲ ತಟ್ಟಿದ, ಎತ್ತಿನ ಬೆನ್ನು ತಟ್ಟುವ ಹಾಗೆ. "2008. ಅವತ್ತು ಮಳೆ. ನಾನು, ನನ್ನ ಭಾವಮೈದುನ, ಇನ್ನೊಬ್ಬ ಯಾರೋ ಪೇಂಟರ್. ಮೂರು ಜನ ಸೇರಿ ಈ ಸಾಲು ಕೂರಿಸಿದ್ವಿ" ಅಂದ. ನನ್ನ ಅರೆಬರೆ ಜರ್ಮನ್‌ನಲ್ಲಿ ಏನೋ ತಪ್ಪು ಕೇಳಿಸಿಕೊಂಡೆ ಅನ್ನಿಸಿ ಮತ್ತೊಮ್ಮೆ ಕೇಳಿದೆ. ಸರಿಯಾಗೇ ಕೇಳಿಸಿತ್ತು.

ಜರ್ಮನಿಯ ಫುಟ್‌ಬಾಲ್ ಸ್ಟೇಡಿಯಂ ಅಂದರೆ ನಮ್ಮವರಿಗೆ ತಟ್ಟನೆ ನೆನಪಾಗುವುದು ಮ್ಯೂನಿಕ್‌ನ ಅಲಿಯಾನ್ಸ್ ಅರೆನಾ, ಇಲ್ಲವೇ ಡಾರ್ಟ್ಮುಂಡ್‌ನ ಹಳದಿ ಗೋಡೆ. ನಾನು ಎರಡನ್ನೂ ನೋಡಿದ್ದೇನೆ. ಡಾರ್ಟ್ಮುಂಡ್‌ನಲ್ಲಿ ಒಂದೇ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಂತು ಕೂಗುವಾಗ ಎದೆಯೊಳಗೆ ಡೊಳ್ಳು ಬಾರಿಸಿದಂತಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಸ್ಟೇಡಿಯಂ ಅಂದ ಕೂಡಲೇ ನನಗೆ ಈಗ ಕೇಳಿಸುವುದು ಆ ಬೂಟಿನ ಟಕ್ ಟಕ್. ಬರ್ಲಿನ್‌ನ ಆಗ್ನೇಯ ಮೂಲೆಯಲ್ಲಿ, ಕೋಪೆನಿಕ್ ಅನ್ನುವ ಕಡೆ, ಕಾಡಿನ ಅಂಚಿನಲ್ಲಿರುವ ಒಂದು ಸಣ್ಣ ಮೈದಾನ. ಹೆಸರು ಆನ್ ಡೆರ್ ಆಲ್ಟನ್ ಫೋರ್ಸ್ಟರೈ. ಯೂನಿಯನ್ ಬರ್ಲಿನ್ ತಂಡದ ಮನೆ.

ಒಬ್ಬ ಮನುಷ್ಯ 22,000 ಜನರ ಸ್ಟೇಡಿಯಂನಲ್ಲಿ ನಿಂತು ಒಂದು ಮೆಟ್ಟಿಲನ್ನು ತೋರಿಸಿ 'ನನ್ನದು' ಅನ್ನುತ್ತಾನೆ. ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ನಾವು 'ನಮ್ಮ' ಅನ್ನುವ ಮಾತನ್ನು ಎಷ್ಟು ಧಾರಾಳವಾಗಿ ಬಳಸುತ್ತೇವೆ ಅಲ್ವಾ? ಮೆಟ್ರೊ ನಮ್ಮದು, ಬೆಂಗಳೂರು ನಮ್ಮದು, ತಂಡ ನಮ್ಮದು, ಕಪ್ ಕೂಡ ನಮ್ಮದೇ. ನಾನೂ ಹಾಗೆ ಅಂದವನೇ. ಆದರೆ ಯಾವತ್ತೂ ಬೂಟಿನಿಂದ ತಟ್ಟಿ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಕಾಡಿನ ದಾರಿ

ಆ ಟಿಕೆಟ್ ನನ್ನದಲ್ಲ. ಆಫೀಸಿನ ಗೆಳೆಯನಿಗೆ ಜ್ವರ ಬಂದಿತ್ತು, ಹಾಗಾಗಿ ನನಗೆ ಸಿಕ್ಕಿತು. ಇಲ್ಲದಿದ್ದರೆ ಸಿಗುವುದು ಕಷ್ಟ. ಕ್ಲಬ್ಬಿನ ಸದಸ್ಯರ ಸಂಖ್ಯೆಯೇ ಸ್ಟೇಡಿಯಂನಲ್ಲಿ ಹಿಡಿಸುವವರ ಎರಡು ಪಟ್ಟಿಗಿಂತ ಜಾಸ್ತಿ ಇದೆ. "ಹೋಗು, ಆದರೆ ಮುಗಿಯುವ ಮುಂಚೆ ಎದ್ದು ಬರಬೇಡ. ನನ್ನ ಮಾನ ಹೋಗುತ್ತೆ" ಅಂತ ಎಚ್ಚರಿಸಿಯೇ ಅವನು ಕಾರ್ಡ್ ಕೊಟ್ಟಿದ್ದ.

2023ರ ಶರತ್ಕಾಲ. ಎಸ್-ಬಾನ್ ರೈಲಿನಲ್ಲಿ ಕೋಪೆನಿಕ್‌ಗೆ ಬಂದು ಇಳಿದೆ. ಅಲ್ಲಿಂದ ದಾರಿ ಕೇಳುವ ಅಗತ್ಯವೇ ಇಲ್ಲ, ಕೆಂಪು ಶಾಲುಗಳ ಹಿಂದೆ ನಡೆದರಾಯಿತು. ಸ್ವಲ್ಪ ಹೊತ್ತಿಗೆ ರಸ್ತೆ ಬಿಟ್ಟು ಮರಗಳ ನಡುವಿನ ಕಾಲುದಾರಿ ಹಿಡಿಯುತ್ತೇವೆ. ಬಿದ್ದ ಎಲೆ, ಒದ್ದೆ ಮಣ್ಣು. ಕೆಲವರ ಕೈಯಲ್ಲಿ ಬಿಯರ್ ಬಾಟಲಿ. ಅವರು ಕುಡಿದು ಮುಗಿಸುವುದನ್ನೇ ಕಾಯುತ್ತಾ, ಖಾಲಿ ಬಾಟಲಿಯ ಠೇವಣಿ ಕಾಸಿಗಾಗಿ ಚೀಲ ಹಿಡಿದು ನಿಂತ ಇಬ್ಬರು ಹೆಂಗಸರು. ಎಲ್ಲೋ ಸಾಸೇಜ್ ಸುಡುವ ಹೊಗೆ. ಸ್ಟೇಡಿಯಂ ಮಾತ್ರ ಕಾಣುವುದೇ ಇಲ್ಲ. ಜಾತ್ರೆಗೆ ಹೊರಟ ಹಾಗಿದೆ, ಆದರೆ ದೇವಸ್ಥಾನದ ಗೋಪುರ ಕಾಣುತ್ತಿಲ್ಲ. ಕೊನೆಗೆ ಕೊಂಬೆಗಳ ಸಂದಿಯಲ್ಲಿ ದೀಪದ ಕಂಬವೊಂದು ಇಣುಕಿತು.

ಹೆಸರಿನ ಅರ್ಥವೂ ಅಷ್ಟೇ ಸರಳ. 'ಹಳೇ ಫಾರೆಸ್ಟರ್ ಮನೆಯ ಹತ್ತಿರ.' ಯಾವ ಕಂಪನಿಯ ಹೆಸರೂ ಇಲ್ಲ, ಯಾವ ನಾಯಕರ ಹೆಸರೂ ಇಲ್ಲ. ಆ ಹಳೇ ಮನೆ ಈಗಲೂ ಪಕ್ಕದಲ್ಲೇ ಇದೆ.

ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಹತ್ತಿರ. ಹೌದು, ಹತ್ತಿರವೇ ಕಣ್ಣಿಗೆ ಬೀಳುತ್ತದೆ. ಓಟದ ಟ್ರ್ಯಾಕ್ ಇಲ್ಲ, ಕಂದಕ ಇಲ್ಲ. ಮೂಲೆಯಿಂದ ಕಾರ್ನರ್ ಹೊಡೆಯುವ ಆಟಗಾರನ ಕೆನ್ನೆಯ ಬೆವರು ಕಾಣುತ್ತದೆ. 22,012 ಜನರಿಗೆ ಜಾಗ. ಅದರಲ್ಲಿ ಕುರ್ಚಿ ಇರುವುದು 3,617 ಮಾತ್ರ. ಉಳಿದ 18,395 ಜನ ಮೂರು ಕಡೆ ನಿಂತಿರುತ್ತಾರೆ. ಒಂದು ಮೂಲೆಯಲ್ಲಿ ಗೂಡಿನಂಥ ಒಂದು ಮನೆ, ಅದರ ಮೇಲೆ ಕೈಯಲ್ಲೇ ನಂಬರ್ ಬದಲಿಸುವ ಹಳೇ ಸ್ಕೋರ್‌ಬೋರ್ಡ್.

ಆಟ ಶುರುವಾಗುವ ಮುಂಚೆ ಅನೌನ್ಸರ್ ಆಟಗಾರರ ಹೆಸರು ಓದುತ್ತಾನೆ. ಪ್ರತಿ ಹೆಸರಿಗೂ ಜನ ಒಂದೇ ದನಿಯಲ್ಲಿ ಕೂಗುತ್ತಾರೆ, "ಫುಸ್‌ಬಾಲ್‌ಗಾಟ್!" ಫುಟ್‌ಬಾಲ್ ದೇವರು! ಗೋಲ್ ಹೊಡೆದವನಿಗಷ್ಟೇ ಅಲ್ಲ, ಹೋದ ವಾರ ಬಾಲ್ ಕೈಬಿಟ್ಟ ಗೋಲ್‌ಕೀಪರ್‌ಗೂ, ಬೆಂಚ್ ಬಿಸಿ ಮಾಡುವ ಹುಡುಗನಿಗೂ ಅದೇ ಪಟ್ಟ. ನನಗೆ ನಗು ಬಂತು. ಅಜ್ಜ ನಗಲಿಲ್ಲ. ಆತ ಹನ್ನೊಂದು ದೇವರನ್ನೂ ಶ್ರದ್ಧೆಯಿಂದ ಕೂಗಿದ.

ಅವತ್ತು ಆ ದೇವರುಗಳು 0-3 ಸೋತರು. ಅದು ಬರೀ ಒಂದು ಸೋಲಲ್ಲ. ಆ ಎರಡು ತಿಂಗಳು ತಂಡ ಆಡಿದ್ದೆಲ್ಲ ಸೋಲುತ್ತಿತ್ತು, ಲೀಗ್, ಕಪ್, ಯುರೋಪ್ ಅಂತ ಬೇಧವಿಲ್ಲದೆ. ನಮ್ಮ ಕಡೆ ಆಗಿದ್ದರೆ ಪ್ರತಿಕೃತಿ ಸುಡುತ್ತಿದ್ದರು. ಇಲ್ಲಿ ಮೂರನೇ ಗೋಲ್ ಬಿದ್ದ ಮೇಲೂ ಹಾಡು ನಿಲ್ಲಲಿಲ್ಲ. ತಮ್ಮ ಆಟಗಾರರಿಗೆ ಸಿಳ್ಳೆ ಹೊಡೆದು ಅವಮಾನ ಮಾಡಬಾರದು, ಯಾರೋ ಒಬ್ಬನನ್ನು ಬಲಿಪಶು ಮಾಡಬಾರದು, ಕೊನೆಯ ಸೀಟಿ ಊದುವ ತನಕ ಹೊರಡಬಾರದು. ಎಲ್ಲೂ ಬೋರ್ಡ್ ಹಾಕಿಲ್ಲ, ಆದರೂ ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಗೆಳೆಯನ ಮಾನದ ಪ್ರಶ್ನೆ ನನಗೆ ಆಗ ಅರ್ಥವಾಯಿತು.

ಗುದ್ದಲಿ ಹಿಡಿದ ವಕೀಲರು

ಈ ಮೈದಾನ ಶುರುವಾಗಿದ್ದು 1920ರಲ್ಲಿ. ಹತ್ತಿರದ ಓಬರ್‌ಶೋನವೈಡೆ ಕಾರ್ಖಾನೆಗಳ ಪ್ರದೇಶ. ಅಲ್ಲಿನ ಲೋಹದ ಕೆಲಸಗಾರರ ಹುಡುಗರೇ ತಂಡ, ಅವರ ಅಪ್ಪಂದಿರೇ ಪ್ರೇಕ್ಷಕರು. "ಐಜರ್ನ್ ಉನಿಯೋನ್" ಅನ್ನುವ ಇವರ ಘೋಷಣೆಯಲ್ಲಿರುವ ಕಬ್ಬಿಣ ಅಲ್ಲಿಂದ ಬಂದಿದ್ದು ಅನ್ನುತ್ತಾರೆ. ಸುತ್ತಲೂ ಮಣ್ಣಿನ ದಿಬ್ಬ, ಅದಕ್ಕೆ ಮೆಟ್ಟಿಲು. ಎಂಬತ್ತು ವರ್ಷ ಅದರ ಮೇಲೆ ಜನ ನಿಂತರು, ಹಾರಿದರು, ಕುಣಿದರು. 2000ದ ಹೊತ್ತಿಗೆ ಮೆಟ್ಟಿಲ ಸಂದಿಯಲ್ಲಿ ಹುಲ್ಲು, ಕಾಲಿಟ್ಟರೆ ಉದುರುವ ಸಿಮೆಂಟು. ಜರ್ಮನ್ ಫುಟ್‌ಬಾಲ್ ಸಂಸ್ಥೆಯವರು ವರ್ಷ ವರ್ಷವೂ ವಿನಾಯಿತಿ ಕೊಡುತ್ತಾ ಬಂದರು. ಇನ್ನು ಆಗಲ್ಲ, ರಿಪೇರಿ ಮಾಡಿ ಅನ್ನುವ ಮಾತೂ ಬಂತು. ನಗರಾಡಳಿತದಿಂದ ದುಡ್ಡು ಬರುವ ಸೂಚನೆ ಇರಲಿಲ್ಲ. ಕ್ಲಬ್ಬಿನ ಹತ್ತಿರ ಇರಲಿಲ್ಲ.

ಕ್ಲಬ್ಬಿನ ಬಡತನ ಎಂಥದ್ದು ಅಂದರೆ, 2004ರಲ್ಲಿ ಲೀಗ್ ಲೈಸೆನ್ಸ್‌ಗೆ ಬೇಕಾದ ಹಣ ಹೊಂದಿಸಲು ಅಭಿಮಾನಿಗಳು ರಕ್ತ ಕೊಟ್ಟಿದ್ದರು. ಅಲಂಕಾರದ ಮಾತಲ್ಲ. ಬರ್ಲಿನ್‌ನಲ್ಲಿ ರಕ್ತ ಕೊಟ್ಟರೆ ಸ್ವಲ್ಪ ದುಡ್ಡು ಕೊಡುತ್ತಾರೆ. ಸಾಲಾಗಿ ಹೋಗಿ ತೋಳು ಚಾಚಿ, ಬಂದ ಯೂರೊಗಳನ್ನು ಕ್ಲಬ್ಬಿಗೆ ಹಾಕಿದರು. ಅಭಿಯಾನದ ಹೆಸರೇ 'ಯೂನಿಯನ್‌ಗಾಗಿ ರಕ್ತ ಸುರಿಸಿ'.

ಹೀಗಿರುವವರು 2008ರ ಬೇಸಿಗೆಯಲ್ಲಿ ಗುದ್ದಲಿ ಹಿಡಿದರೆ ಆಶ್ಚರ್ಯವಿಲ್ಲ. ಸುಮಾರು ಹದಿಮೂರು ತಿಂಗಳು. 2,000ಕ್ಕೂ ಹೆಚ್ಚು ಜನ. ಒಟ್ಟು 1,40,000 ಗಂಟೆಗಳ ಬಿಟ್ಟಿ ದುಡಿಮೆ. ಎಲೆಕ್ಟ್ರಿಷಿಯನ್‌ಗಳು, ನಿವೃತ್ತರು, ಕೆಲಸ ಕಳೆದುಕೊಂಡವರು, ಜೀವನದಲ್ಲಿ ಪೆನ್ನಿಗಿಂತ ಭಾರದ್ದು ಎತ್ತದ ಆಫೀಸಿನವರು. ರಜೆ ಹಾಕಿ ಬಂದರು, ಶಿಫ್ಟ್ ಮುಗಿಸಿ ಬಂದರು. "ನನ್ನ ಪಕ್ಕ ಒಬ್ಬ ವಕೀಲ ಇದ್ದ" ಅಂದ ಅಜ್ಜ, "ಅವನಿಗೆ ತಳ್ಳುಗಾಡಿ ತಳ್ಳೋದು ಕಲಿಸೋದರಲ್ಲೇ ಎರಡು ದಿನ ಹೋಯ್ತು." ಬೆಳಗ್ಗೆ ಏಳಕ್ಕೆ ಕೆಲಸ ಶುರು. ಮದುವೆಯಾದ ಮೇಲೆ ಆತ ಅಷ್ಟು ಬೇಗ ತಾನಾಗಿ ಎದ್ದಿದ್ದನ್ನು ಹೆಂಡತಿ ನೋಡಿದ್ದು ಅದೇ ಮೊದಲಂತೆ.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇದೆ, ಶ್ರಮದಾನ. ಆದರೆ ಆ ಪದ ಕೇಳಿದರೆ ನನಗೆ ಕಾಲೇಜಿನ ಕ್ಯಾಂಪ್ ನೆನಪಾಗುತ್ತದೆ. ಹತ್ತು ದಿನ ಒಂದು ಹಳ್ಳಿಯಲ್ಲಿ ಇದ್ದು ರಸ್ತೆ ಮಾಡಿದೆವು. ಒಂದು ಬಾಂಡ್ಲಿಗೆ ನಾಲ್ಕು ಜನ, ಒಂದು ಫೋಟೊಗೆ ನಲವತ್ತು ಜನ. ಮುಂದಿನ ಮಳೆಗಾಲದಲ್ಲಿ ಆ ರಸ್ತೆ ಹಳ್ಳಕ್ಕೆ ಹೋಯಿತಂತೆ. ಅದನ್ನು ನಾವ್ಯಾರೂ ಹೋಗಿ ನೋಡಲಿಲ್ಲ. ಇವರಾದರೋ ಹದಿನೈದು ದಿನಕ್ಕೊಮ್ಮೆ ಅದೇ ಮೆಟ್ಟಿಲ ಮೇಲೆ ಬಂದು ನಿಲ್ಲಬೇಕು. ಕೆಲಸ ಕೆಟ್ಟರೆ ತಮ್ಮ ಕಾಲಿಗೇ ಏಟು.

ಒಂದು ಮಾತು ಹೇಳಲೇಬೇಕು. ಈ ಕಥೆ ಹೇಳುವಾಗ ಜನ ಸ್ವಲ್ಪ ಉಬ್ಬಿಸುತ್ತಾರೆ. ಇಡೀ ಸ್ಟೇಡಿಯಂ ಬರಿಗೈಯಲ್ಲಿ ಎದ್ದು ನಿಂತಿತು ಅನ್ನುವ ಹಾಗೆ. ಹಾಗೇನಿಲ್ಲ. ಚಾವಣಿಯ ಉಕ್ಕಿನ ಕೆಲಸದಂಥದ್ದನ್ನು ಕಸುಬಿನವರೇ ಮಾಡಿದರು. ಕುರ್ಚಿಗಳಿರುವ ದೊಡ್ಡ ಗ್ಯಾಲರಿ ಬಂದಿದ್ದು 2013ರಲ್ಲಿ, ಅದು ದುಡ್ಡು ಕೊಟ್ಟು ಕಟ್ಟಿಸಿದ್ದು. ಅಭಿಮಾನಿಗಳ ಕೈ ಬಿದ್ದಿದ್ದು ಜನ ನಿಲ್ಲುವ ಮೂರು ಕಡೆ. ನನಗೆ ಇದರಿಂದ ಕಥೆ ಸಣ್ಣದಾದಂತೆ ಅನ್ನಿಸಲಿಲ್ಲ. ತಾವು ನಿಲ್ಲುವ ಜಾಗವನ್ನು ತಾವೇ ಕಟ್ಟಿಕೊಂಡರು, ಕೂರುವವರ ಜಾಗವನ್ನು ಕಂಟ್ರಾಕ್ಟರ್‌ಗೆ ಬಿಟ್ಟರು.

2009ರ ಜುಲೈ 8ಕ್ಕೆ ಹೊಸ ಸ್ಟೇಡಿಯಂನ ಮೊದಲ ಪಂದ್ಯ. ಊರಿನ ಇನ್ನೊಂದು ತುದಿಯ ಹೆರ್ಥಾ ಬರ್ಲಿನ್ ಅತಿಥಿ. ಯೂನಿಯನ್ 3-5 ಸೋತಿತು. ಗೃಹಪ್ರವೇಶದ ದಿನವೇ ಹಾಲು ಉಕ್ಕಿ ಒಲೆ ಆರಿದ ಹಾಗೆ. ಯಾರೂ ಬೇಜಾರು ಮಾಡಿಕೊಂಡಂತಿಲ್ಲ.

ಎರಡು ವರ್ಷದ ನಂತರ ಸ್ಟೇಡಿಯಂನ ಷೇರುಗಳನ್ನೇ ಸದಸ್ಯರಿಗೆ ಮಾರಿದರು. ಒಂದಕ್ಕೆ 500 ಯೂರೊ, ಒಬ್ಬರಿಗೆ ಹತ್ತಕ್ಕಿಂತ ಹೆಚ್ಚಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೊಂಡರು. ಜಾಹೀರಾತಿನ ಸಾಲು ಚೆನ್ನಾಗಿತ್ತು. 'ನಾವು ನಮ್ಮ ಆತ್ಮ ಮಾರುತ್ತೇವೆ. ಆದರೆ ಎಲ್ಲರಿಗೂ ಅಲ್ಲ.' ಅಜ್ಜ ಒಂದು ಷೇರ್ ಕೊಂಡು ಫ್ರೇಮ್ ಹಾಕಿಸಿದ್ದಾನೆ. ಅದರಿಂದ ಏನು ಬಂತು ಅಂತ ಕೇಳಿದೆ. "ಮೊಳೆ ಹೊಡೆಯೋಕೆ ಗೋಡೆಗೆ ಒಂದು ತೂತು" ಅಂದ.

ಗೋಡೆಯ ಕಾಲದ ಮಾತು

ಯೂನಿಯನ್ ಬಗ್ಗೆ ಬರೆಯುವವರೆಲ್ಲ ಪೂರ್ವ ಜರ್ಮನಿಯ, ಬರ್ಲಿನ್ ಗೋಡೆಯ ಕಾಲಕ್ಕೆ ಹೋಗದೆ ಬಿಡುವುದಿಲ್ಲ. ನಾನು ಬೇಗ ಮುಗಿಸುತ್ತೇನೆ. ಆಗ ಬರ್ಲಿನ್‌ನಲ್ಲಿ ಸರ್ಕಾರದ ಮುದ್ದಿನ ತಂಡ ಬಿಎಫ್‌ಸಿ ಡೈನಮೊ. ಗುಪ್ತಚರ ಇಲಾಖೆ ಸ್ಟಾಸಿಯ ಮುಖ್ಯಸ್ಥ ಎರಿಕ್ ಮೀಲ್ಕೆಯ ಕೃಪೆ ಅದರ ಮೇಲೆ. 1979ರಿಂದ 1988ರ ತನಕ ಸತತ ಹತ್ತು ಸಲ ಚಾಂಪಿಯನ್. ಯೂನಿಯನ್‌ಗೆ ಸಿಕ್ಕಿದ್ದು 1968ರ ಒಂದು ಕಪ್. ಯೂನಿಯನ್‌ಗೆ ಫ್ರೀ ಕಿಕ್ ಸಿಕ್ಕಿ ಎದುರಾಳಿ ಆಟಗಾರರು ಗೋಡೆಯಂತೆ ಸಾಲು ನಿಂತಾಗ, ಇಲ್ಲಿನ ಜನ "ಗೋಡೆ ತೊಲಗಲಿ!" ಅಂತ ಕೂಗುತ್ತಿದ್ದರಂತೆ. ಯಾವ ಗೋಡೆ ಅಂತ ಕೇಳಿದರೆ ಫುಟ್‌ಬಾಲ್‌ನದ್ದು ಅನ್ನಬಹುದಿತ್ತು. ಪೊಲೀಸರು ಏನು ಕೇಸ್ ಹಾಕಿಯಾರು?

ಜಾಣತನದ ಮಾತು, ಕೇಳಿದವರೆಲ್ಲ ಮೆಚ್ಚುತ್ತಾರೆ. ಆದರೆ ಅದನ್ನೇ ಹಿಡಿದು ಇಲ್ಲಿನ ಎಲ್ಲರನ್ನೂ ಕ್ರಾಂತಿಕಾರಿಗಳನ್ನಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಯೂನಿಯನ್‌ನ ಬೆನ್ನಿಗೂ ಸರ್ಕಾರದ್ದೇ ಕಾರ್ಮಿಕ ಒಕ್ಕೂಟ ಇತ್ತು. ಅಜ್ಜನನ್ನು ಕೇಳಿದೆ, ನೀವೂ ಕೂಗುತ್ತಿದ್ದಿರಾ ಅಂತ. "ಕೂಗ್ತಿದ್ದೆ. ಆಮೇಲೆ ಸೋಮವಾರ ಕಾರ್ಖಾನೆಗೆ ಹೋಗಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡ್ತಿದ್ದೆ." ಅಷ್ಟು ಪ್ರಾಮಾಣಿಕವಾದ ಚರಿತ್ರೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮೇಣದ ಬತ್ತಿ

ಆಮೇಲೊಂದು ಡಿಸೆಂಬರ್ 23ಕ್ಕೆ ಮತ್ತೆ ಅಲ್ಲಿಗೆ ಹೋದೆ. ಆಟಕ್ಕಲ್ಲ, ಹಾಡಿಗೆ. 2003ರ ಅದೇ ದಿನ, ತಂಡ ಎರಡನೇ ದರ್ಜೆಯ ಲೀಗ್‌ನ ತಳದಲ್ಲಿದ್ದಾಗ, 89 ಜನ ಅಭಿಮಾನಿಗಳು ಸದ್ದಿಲ್ಲದೆ ಮೈದಾನದೊಳಗೆ ನುಸುಳಿದ್ದರು. ವರ್ಷದ ಕೊನೆಯ ಪಂದ್ಯ ಸೋತ ಬೇಜಾರಿನಲ್ಲಿ ಒಬ್ಬರಿಗೊಬ್ಬರು ಹಬ್ಬದ ಶುಭಾಶಯವನ್ನೂ ಹೇಳದೆ ಮನೆಗೆ ಹೋಗಿಬಿಟ್ಟಿದ್ದರಂತೆ. ಅದಕ್ಕೇ ಬಿಸಿ ವೈನ್ ತಗೊಂಡು ಬಂದು, ಸೆಂಟರ್ ಲೈನ್ ಹತ್ತಿರ ನಿಂತು ಕ್ರಿಸ್‌ಮಸ್ ಹಾಡು ಹಾಡಿದರು. ಈಗ ಅದಕ್ಕೆ 28,500 ಜನ ಬರುತ್ತಾರೆ. ಹುಲ್ಲಿನ ಮೇಲೂ ನಿಲ್ಲಬಹುದು, ಹಾಗಾಗಿ ಆಟದ ದಿನಕ್ಕಿಂತ ಜಾಸ್ತಿ.

ಹಾಡಿನ ಪುಸ್ತಕ, ಒಂದು ಮೇಣದ ಬತ್ತಿ ಸಿಕ್ಕಿತು. ವಿಪರೀತ ಚಳಿ. ಬಿಟ್ಟು ಬಿಟ್ಟು ಗಾಳಿ ಬರುತ್ತಿತ್ತು, ಬತ್ತಿ ಆರುತ್ತಿತ್ತು. ಆರಿದಾಗೆಲ್ಲ ಮುಂದೆ ನಿಂತಿದ್ದ ಎಂಟು ಹತ್ತು ವರ್ಷದ ಹುಡುಗಿ ತನ್ನದನ್ನು ಚಾಚಿ ನನ್ನದನ್ನು ಹಚ್ಚುತ್ತಿದ್ದಳು. ಮೂರನೇ ಸಲಕ್ಕೆ ಅವಳಿಗೆ ನನ್ನ ಮೇಲೆ ಸಿಟ್ಟು ಬಂತು. ಅಂಗೈಯನ್ನು ಬಟ್ಟಲು ಮಾಡಿ ಗಾಳಿಗೆ ಅಡ್ಡ ಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟಳು. ದೀಪಾವಳಿಗೆ ಹಣತೆ ಹಚ್ಚಿ ಬೆಳೆದವನಿಗೆ ಪಾಠ! ಮೇಣ ಕರಗಿ ಕೈಗವಸಿನ ಮೇಲೆ ಬಿತ್ತು. ಆ ಕಲೆ ಇನ್ನೂ ಹೋಗಿಲ್ಲ.

ಶಾಲೆಯ ಮಕ್ಕಳು ಹಾಡಿಸಿದರು. ಪಾದ್ರಿಯೊಬ್ಬರು ಏಸು ಹುಟ್ಟಿದ ಕಥೆ ಓದಿದರು. ಪೂರ್ವ ಜರ್ಮನಿ ಅಂದರೆ ದೇವರನ್ನು ನಂಬುವವರು ತೀರಾ ಕಡಿಮೆ ಇರುವ ನಾಡು. ಅಲ್ಲಿ ನಿಂತವರಲ್ಲಿ ಎಷ್ಟು ಜನ ಚರ್ಚಿಗೆ ಹೋಗುವವರೋ. ಆದರೂ ಓದುವಾಗ ಇಡೀ ಸ್ಟೇಡಿಯಂ ತೆಪ್ಪಗಿತ್ತು. ಕಥೆ ಮುಗಿದ ಮರುಕ್ಷಣವೇ ಒಂದು ಕಡೆಯವರು "ಐಜರ್ನ್!" ಅಂದರು, ಎದುರಿನವರು "ಉನಿಯೋನ್!" ಅಂದರು. ಆಮೆನ್ ಬದಲು ಅದು. 'ಸೈಲೆಂಟ್ ನೈಟ್' ಹಾಡುವಾಗ ನನಗೆ ಜರ್ಮನ್ ಸಾಲು ಬಾರದೆ ರಾಗ ಮಾತ್ರ ಗುನುಗಿದೆ. ಹುಡುಗಿ ತಿರುಗಿ ನೋಡಿದಳು, ಏನೂ ಅನ್ನಲಿಲ್ಲ.

22,467

ಯೂನಿಯನ್ ಮೊದಲ ಬಾರಿಗೆ ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲಿಗಾಕ್ಕೆ ಏರಿದ್ದು 2019ರಲ್ಲಿ. ಆಗಸ್ಟ್ 18ಕ್ಕೆ ಮೊದಲ ಪಂದ್ಯ, ಇದೇ ಮೈದಾನದಲ್ಲಿ, ಆರ್‌ಬಿ ಲೈಪ್ಸಿಗ್ ವಿರುದ್ಧ. ಪಾನೀಯದ ಕಂಪನಿಯೊಂದು ದುಡ್ಡು ಸುರಿದು ಬೆಳೆಸಿದ ತಂಡ ಅದು, ಇಲ್ಲಿನವರಿಗೆ ಕಂಡರಾಗದು. ಪ್ರತಿಭಟನೆಗಾಗಿ ಮೊದಲ 15 ನಿಮಿಷ ಯಾರೂ ಬಾಯಿ ತೆರೆಯಬಾರದು ಅಂತ ತೀರ್ಮಾನವಾಗಿತ್ತು. ನಾನು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ಆಗ ನನಗೆ ಯೂನಿಯನ್ ಬಗ್ಗೆ ಅಷ್ಟೇನೂ ಗೊತ್ತಿರಲಿಲ್ಲ.

ಆಟಗಾರರು ಒಳಗೆ ಬರುವಾಗ ಗ್ಯಾಲರಿಯಲ್ಲಿ ಮುಖಗಳು ಮೇಲೆದ್ದವು. ದೊಡ್ಡದಾಗಿ ಮಾಡಿಸಿದ ಫೋಟೊಗಳು. ಮೀಸೆಯವರು, ಕನ್ನಡಕದವರು, ಶಾಲು ಹೊದ್ದ ಅಜ್ಜಿಯರು, ತೀರಾ ಚಿಕ್ಕ ವಯಸ್ಸಿನವರು. ಆಟಗಾರರ ಚಿತ್ರ ಇರಬೇಕು ಅಂದುಕೊಂಡೆ. ಅಲ್ಲ. ಈ ದಿನ ನೋಡದೆ ಸತ್ತುಹೋದ 455 ಅಭಿಮಾನಿಗಳು. ಅವರ ಮಕ್ಕಳು, ಗಂಡಂದಿರು, ಹೆಂಡತಿಯರು, ಗೆಳೆಯರು ಎತ್ತಿ ಹಿಡಿದಿದ್ದರು. 'ಕೊನೆಗೂ ಬಂದೆವು' ಅನ್ನುವ ಅರ್ಥದ ಹೆಸರು ಆ ಕಾರ್ಯಕ್ರಮಕ್ಕೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯಿಂದ ಬಂದ ನನಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. ಸತ್ತವರನ್ನು ಬಿಟ್ಟು ಹಬ್ಬ ಮಾಡುವುದು ಹೇಗೆ?

ಸ್ಟೇಡಿಯಂನಲ್ಲಿ ಹಿಡಿಸುವುದು 22,012. ಅವತ್ತು ಅಧಿಕೃತವಾಗಿ ಹೇಳಿದ ಪ್ರೇಕ್ಷಕರ ಸಂಖ್ಯೆ 22,467. ಕಳೆದು ನೋಡಿ. ಯೂನಿಯನ್ 0-4 ಸೋತಿತು.

ಅಜ್ಜನ ಭಾವಮೈದುನನ ಫೋಟೊವೂ ಅವತ್ತು ಇತ್ತಂತೆ. ಯಾರು ಹಿಡಿದಿದ್ದು ಅಂತ ಕೇಳಬೇಕೆನ್ನಿಸಲಿಲ್ಲ.

ಕಪ್ಪಿನ ಠೇವಣಿ

0-3 ಸೋಲಿನ ಆ ಸಂಜೆಗೆ ವಾಪಸ್ ಬರುತ್ತೇನೆ. ಆಟ ಮುಗಿದಿತ್ತು. ಆಟಗಾರರು ತಲೆ ತಗ್ಗಿಸಿ ವಾಲ್ಡ್‌ಸೈಟೆಯ, ಅಂದರೆ ಕಾಡಿನ ಕಡೆಯ ಗ್ಯಾಲರಿಯ ಮುಂದೆ ಬಂದು ನಿಂತರು. ಜನ ಇನ್ನೂ ಹಾಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಕಿರಿಕಿರಿಯೂ ಆಯಿತು. ಇಷ್ಟು ಕೆಟ್ಟದಾಗಿ ಆಡಿದವರಿಗೆ ಒಂದು ಮಾತಾದರೂ ಬೈಯಬಾರದೇ?

ಅದೇ ಶರತ್ಕಾಲ ಈ ಕ್ಲಬ್ ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಆಡುತ್ತಿತ್ತು. ಆ ಪಂದ್ಯಗಳು ಮಾತ್ರ ಇಲ್ಲಲ್ಲ, ಊರಿನ ಆ ತುದಿಯ ಒಲಿಂಪಿಕ್ ಸ್ಟೇಡಿಯಂನಲ್ಲಿ. ಅಲ್ಲಿ 70,000ಕ್ಕೂ ಹೆಚ್ಚು ಜನ ಹಿಡಿಸುತ್ತಾರೆ, ಹೆಚ್ಚು ಸದಸ್ಯರಿಗೆ ಟಿಕೆಟ್ ಸಿಗುತ್ತದೆ ಅನ್ನುವುದು ಕ್ಲಬ್ಬಿನ ಲೆಕ್ಕ. ಲೆಕ್ಕ ಸರಿಯಾಗೇ ಇದೆ. ಅಕ್ಟೋಬರ್ 3ಕ್ಕೆ ಪೋರ್ಚುಗಲ್‌ನ ಬ್ರಾಗಾ ವಿರುದ್ಧ 2-0 ಮುಂದಿದ್ದು, ಕೊನೆಗೆ 2-3 ಸೋತರು. "ಅಲ್ಲಿ ಓಟದ ಟ್ರ್ಯಾಕ್ ಇದೆ. ನಮ್ಮ ಕೂಗು ಅದನ್ನು ದಾಟಿ ಹೋಗೋ ಹೊತ್ತಿಗೆ ಬಾಲ್ ಒಳಗೆ ಹೋಗಿರುತ್ತೆ" ಅನ್ನುವುದು ಅಜ್ಜನ ವಿಶ್ಲೇಷಣೆ.

ಈ ಮೈದಾನವನ್ನೂ ದೊಡ್ಡದು ಮಾಡಬೇಕು ಅನ್ನುವ ಮಾತು ಬಹಳ ದಿನದಿಂದ ಇದೆ. 2017ರಲ್ಲಿ ಪ್ರಕಟವಾದ ಯೋಜನೆಯಲ್ಲಿ ಸುಮಾರು 37,000 ಜನರಿಗೆ ಜಾಗ. ಆಮೇಲೆ ಆ ಸಂಖ್ಯೆ 40,000 ದಾಟಿತು. ಸಾವಿರಾರು ಸದಸ್ಯರು ಹೊರಗೆ ಉಳಿಯುವಾಗ ಬೇಡ ಅನ್ನಲು ಯಾರಿಗೂ ಬಾಯಿಲ್ಲ. ನನ್ನಂಥವನಿಗೂ ಆಗ ಗೆಳೆಯನ ಜ್ವರಕ್ಕೆ ಕಾಯಬೇಕಿಲ್ಲ. ಆದರೂ ಕೆಳಗೆ ನೋಡಿದೆ. ಬಿಯರ್ ಚೆಲ್ಲಿ ಒದ್ದೆಯಾದ, ಒಂದು ಮೂಲೆ ಚೂರು ಮುಕ್ಕಾದ ಕಾಂಕ್ರೀಟು.

"ಇದನ್ನು ಒಡೆದರೆ?" ಅಂತ ಕೇಳಿಬಿಟ್ಟೆ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

ಅಜ್ಜ ಹೆಗಲು ಕುಣಿಸಿದ. "ಒಡೆಯೋದಾದರೆ ನನ್ನನ್ನ ಕರೀಲಿ. ಎಲ್ಲಿ ಹೊಡೆದರೆ ಬಿಡುತ್ತೆ ಅಂತ ನನಗೇ ಗೊತ್ತಿರೋದು."

ಆಮೇಲೆ ನನ್ನ ಕೈಯಲ್ಲಿದ್ದ ಖಾಲಿ ಪ್ಲಾಸ್ಟಿಕ್ ಕಪ್ ಕಿತ್ತುಕೊಂಡು ತನ್ನದರೊಳಗೆ ಸಿಕ್ಕಿಸಿದ. ಅದರ ಠೇವಣಿ ವಾಪಸ್ ತಗೊಳ್ಳಬೇಕು, ಕ್ಯೂ ಬೆಳೆಯುವ ಮುಂಚೆ ಹೋಗೋಣ ಅಂದ. ಇಳಿಯುವಾಗ ಅಡ್ಡಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಮೊದಲು ಎಡಗಾಲು, ಆಮೇಲೆ ಅದರ ಪಕ್ಕಕ್ಕೆ ಬಲಗಾಲು.